ಗೋವಾ ಸಮ್ಮೇಳನಕ್ಕೆ ಹೊರಟಿದ್ದೀರಾ? ಮೊದಲು ಸಭಾಂಗಣ ಯಾವ ಊರಲ್ಲಿದೆ ನೋಡಿಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಳೆ ನಿಂತು ಅಕ್ಟೋಬರ್ ಬಂತೆಂದರೆ ಕರ್ನಾಟಕದಿಂದ ಗೋವಾಕ್ಕೆ ಸಮ್ಮೇಳನಕ್ಕೆಂದು ಬರುವವರು ಜಾಸ್ತಿಯಾಗುತ್ತಾರೆ. ಡಾಕ್ಟರುಗಳು, ಬ್ಯಾಂಕಿನವರು, ಕಾಲೇಜು ಮೇಷ್ಟ್ರುಗಳು, ಪಿಎಚ್‌.ಡಿ. ಮಾಡುತ್ತಿರುವ ಹುಡುಗ ಹುಡುಗಿಯರು, ಔಷಧ ಕಂಪನಿಯವರು. ನಾನು ಪಣಜಿಯಲ್ಲಿ ನೆಲೆಸಿರುವ ಕನ್ನಡಿಗ. ಊರ ಕಡೆಯ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಹೀಗೆ ಬಂದಾಗಲೆಲ್ಲ ನನಗೊಂದು ಫೋನ್ ಬರುತ್ತದೆ. ಬಹಳ ಸಲ ಆ ಫೋನ್ ಬರುವುದು ಅವರು ಇಲ್ಲಿ ಇಳಿದು, ಸಿಕ್ಕಿಹಾಕಿಕೊಂಡ ಮೇಲೆ. ಒಂದು ವಾರ ಮುಂಚೆ ಕೇಳಿದ್ದರೆ ದುಡ್ಡೂ ಉಳಿಯುತ್ತಿತ್ತು, ಅರ್ಧ ದಿನವೂ ಉಳಿಯುತ್ತಿತ್ತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಿದೆ, ಆದರೂ ದಯವಿಟ್ಟು ಪ್ರಕಟಿಸಿ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಗೋವಾ ಒಂದು ಊರಲ್ಲ, ಒಂದು ರಾಜ್ಯ. ಸಣ್ಣ ರಾಜ್ಯ ನಿಜ, 3,702 ಚದರ ಕಿ.ಮೀ. ಅಷ್ಟೇ. ಆದರೆ ಕರಾವಳಿಯೇ 100 ಕಿ.ಮೀ.ಗೂ ಜಾಸ್ತಿ ಇದೆ, ನಡುವೆ ಮಾಂಡವಿ, ಜುವಾರಿ ಎಂಬ ಎರಡು ದೊಡ್ಡ ನದಿಗಳಿವೆ. ಆಹ್ವಾನ ಪತ್ರಿಕೆಯಲ್ಲಿ ಸುಮ್ನೆ ‘ಗೋವಾ’ ಅಂತ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಸಭಾಂಗಣ ಪಣಜಿಯ ಕಲಾ ಅಕಾಡೆಮಿಯೋ, ತಾಳಿಗಾಂವ್‌ನ ಒಳಾಂಗಣ ಕ್ರೀಡಾಂಗಣವೋ, ದೋನಾ ಪಾವ್ಲಾದ ಸಮುದ್ರ ವಿಜ್ಞಾನ ಸಂಸ್ಥೆಯೋ, ಜುವಾರಿನಗರದ ಬಿಟ್ಸ್ ಕ್ಯಾಂಪಸ್ಸೋ, ದಕ್ಷಿಣದ ಬೆಣೌಲಿ, ವರ್ಕಾ, ಕವೆಲೊಸಿಂ ಕಡೆಯ ರೆಸಾರ್ಟೋ, ಉತ್ತರದ ಕಾಂದೋಳಿಯೋ, ಮೊದಲು ಅದನ್ನು ತಿಳಿದುಕೊಳ್ಳಿ. ಟಿಕೆಟ್, ರೂಮು, ಗಾಡಿ ಎಲ್ಲ ಅದಾದ ಮೇಲೆ.

ಹೋದ ಚಳಿಗಾಲದಲ್ಲಿ ದಾವಣಗೆರೆ ಕಡೆಯ ಡಾಕ್ಟರ್ ದಂಪತಿ ಬಂದಿದ್ದರು. ಸಮ್ಮೇಳನ ಕವೆಲೊಸಿಂನ ರೆಸಾರ್ಟ್ ಒಂದರಲ್ಲಿ. ಬೆಂಗಳೂರಿನಿಂದ ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ಮೋಪಾದಲ್ಲಿ ಇಳಿದರು. ಮೋಪಾ ಇರುವುದು ಗೋವಾದ ಉತ್ತರದ ತುದಿ ಪೆಡ್ನೆ ತಾಲೂಕಿನಲ್ಲಿ, ಅಲ್ಲಿಂದ ಕವೆಲೊಸಿಂಗೆ 70 ಕಿ.ಮೀ.ಗೂ ಜಾಸ್ತಿ. ಟಿಕೆಟ್‌ನಲ್ಲಿ ಉಳಿದ ದುಡ್ಡಿಗಿಂತ ಟ್ಯಾಕ್ಸಿಗೆ ಕೊಟ್ಟದ್ದೇ ಹೆಚ್ಚಾಯಿತು. ಬೆಳಗಿನ ಗೋಷ್ಠಿಯೂ ತಪ್ಪಿತು. ಆ ಅಮ್ಮ ಓದಬೇಕಿದ್ದ ಪ್ರಬಂಧ ಅದೇ ಗೋಷ್ಠಿಯಲ್ಲಿ ಇತ್ತು. ಯಾರೂ ಅವರಿಗೆ ಒಂದು ಸಾಲು ಹೇಳಿರಲಿಲ್ಲ, ಅದೇ ಬೇಜಾರು.

ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ಹಳೆಯದು ವಾಸ್ಕೊ ಹತ್ತಿರದ ದಾಬೋಳಿ, ನೌಕಾಪಡೆಯ ನೆಲೆ ಇರುವ ಜಾಗ. ಹೊಸದು ಮೋಪಾ, 2023ರ ಜನವರಿಯಿಂದ ಅಲ್ಲಿ ವಿಮಾನ ಓಡಾಟ ಶುರುವಾಯಿತು. ಟಿಕೆಟ್‌ನಲ್ಲಿ ದಾಬೋಳಿಗೆ ಜಿಒಐ ಅಂತಲೂ ಮೋಪಾಕ್ಕೆ ಜಿಒಎಕ್ಸ್ ಅಂತಲೂ ಇರುತ್ತದೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ಆಗಿರುವುದೂ ಉಂಟು, ಎರಡೂ ಕಡೆಯ ಅಕ್ಷರ ನೋಡಿಕೊಳ್ಳಿ. ದಕ್ಷಿಣ ಗೋವಾ, ವಾಸ್ಕೊ, ಜುವಾರಿನಗರದ ಕೆಲಸಕ್ಕೆ ದಾಬೋಳಿಯೇ ಸರಿ. ಮಾಪುಸಾ, ಕಲಂಗುಟ್, ಬಾಗಾ, ಅಂಜುಣೆ, ಮೋರ್ಜಿ ಕಡೆಗೆ ಮೋಪಾ ಸರಿ. ಪಣಜಿಗೆ ಬರುವವರಿಗೆ ಎರಡೂ ನಡೆಯುತ್ತವೆ, ದಾಬೋಳಿ ಸ್ವಲ್ಪ ಹತ್ತಿರ. ಜುವಾರಿ ನದಿಯ ಹೊಸ ಸೇತುವೆ 2022ರ ಡಿಸೆಂಬರ್ ಕೊನೆಯಲ್ಲಿ ತೆರೆದ ಮೇಲೆ ದಾಬೋಳಿಯಿಂದ ಪಣಜಿಗೆ ಬರುವುದು ಮೊದಲಿನಷ್ಟು ಕಷ್ಟ ಇಲ್ಲ. ಹಳೇ ಸೇತುವೆ ಒಂದೇ ಇದ್ದಾಗ ಕುಟ್ಟಾಳಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತು, ಎಷ್ಟೋ ಜನ ವಿಮಾನ ತಪ್ಪಿಸಿಕೊಂಡಿದ್ದಾರೆ.

ರೈಲಿನಲ್ಲಿ ಬರುವವರಿಗೆ ಇನ್ನೊಂದು ವಿಷಯ. ಪಣಜಿ ರಾಜಧಾನಿಯಾದರೂ ಊರೊಳಗೆ ರೈಲು ನಿಲ್ದಾಣ ಇಲ್ಲ. ಹತ್ತಿರದ್ದು ಕರ್ಮಳಿ, ಹಳೇ ಗೋವಾ ಪಕ್ಕದಲ್ಲಿ, ಪಣಜಿಯಿಂದ 10–12 ಕಿ.ಮೀ. ಅದು ಕೊಂಕಣ ರೈಲ್ವೆಯ ಸಣ್ಣ ನಿಲ್ದಾಣ, ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬರುವವರು ಸಾಮಾನ್ಯವಾಗಿ ಮಡಗಾಂವದಲ್ಲಿ ಇಳಿಯುತ್ತಾರೆ. ಯಶವಂತಪುರ, ಹುಬ್ಬಳ್ಳಿ ಕಡೆಯ ವಾಸ್ಕೊ ರೈಲು ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು ಕುಳೆ, ಸಾವರ್ಡೆ, ಮಡಗಾಂವ ಮೇಲೆ ವಾಸ್ಕೊ ಸೇರುತ್ತದೆ. ಅಂದರೆ ಮಡಗಾಂವ ಮೊದಲು, ವಾಸ್ಕೊ ಕೊನೆ. ದಕ್ಷಿಣದ ಬೀಚ್ ಊರುಗಳಿಗೆ ಹೋಗುವವರು ಕೊನೆಯ ನಿಲ್ದಾಣದ ತನಕ ನಿದ್ದೆ ಮಾಡಬೇಡಿ, ಮಡಗಾಂವದಲ್ಲೇ ಇಳಿದುಬಿಡಿ. ಕೋಲ್ವಾ ಬೀಚಿಗೆ ಅಲ್ಲಿಂದ ತೀರಾ ಹತ್ತಿರ. ಪಣಜಿಗಾದರೆ ವಾಸ್ಕೊದಿಂದಲೂ ಮಡಗಾಂವದಿಂದಲೂ ಹೆಚ್ಚು ಕಡಿಮೆ ಅಷ್ಟೇ ದೂರ, 30 ಕಿ.ಮೀ. ಆಸುಪಾಸು. ಮಡಗಾಂವದಲ್ಲಿ ರೈಲು ನಿಲ್ದಾಣಕ್ಕೂ ಕದಂಬ ಬಸ್ ಸ್ಟ್ಯಾಂಡಿಗೂ ನಡೆದು ಹೋಗುವಷ್ಟು ಹತ್ತಿರ ಇಲ್ಲ ಅನ್ನುವುದು ಗೊತ್ತಿರಲಿ, ಪೆಟ್ಟಿಗೆ ಹೊತ್ತುಕೊಂಡು ನಡೆಯಲು ಹೊರಡಬೇಡಿ.

ಸ್ವಂತ ಕಾರಿನಲ್ಲಿ ಬರುವವರಿಗೆ ಮೂರು ದಾರಿ. ಬೆಳಗಾವಿಯಿಂದ ಚೋರ್ಲಾ ಘಾಟ್, ರಾಮನಗರದಿಂದ ಅನಮೋಡ್ ಘಾಟ್, ಕಾರವಾರದಿಂದ ಕಾಣಕೋಣ ಮೇಲೆ ಮಡಗಾಂವ. ಮಳೆಗಾಲದಲ್ಲಿ ಎರಡೂ ಘಾಟ್‌ಗಳಲ್ಲಿ ಗುಡ್ಡ ಕುಸಿತ, ರಸ್ತೆ ಬಂದ್ ಎಲ್ಲ ಆಗುತ್ತಿರುತ್ತದೆ. ಹೊರಡುವ ದಿನ ಬೆಳಗ್ಗೆ ಬೆಳಗಾವಿಯವರನ್ನೋ ರಾಮನಗರದವರನ್ನೋ ಒಂದು ಸಲ ಕೇಳಿಕೊಂಡು ಹೊರಡಿ. ರಾತ್ರಿ ಹೊತ್ತು ಘಾಟ್ ಇಳಿಯುವುದು ಬೇಡ, ಮಂಜು ಇಳಿದರೆ ಮುಂದಿನ ತಿರುವು ಕಾಣುವುದಿಲ್ಲ, ಎಷ್ಟೋ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ವಾಪಸ್ ಹೋಗುವಾಗ ಡಿಕ್ಕಿಯಲ್ಲಿ ಬಾಟಲಿ ತುಂಬಿಕೊಂಡು ಹೋಗುವವರಿಗೂ ಒಂದು ಮಾತು. ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಅಚ್ಚಾಗಿರುವ ಬಾಟಲಿಯನ್ನು ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಮಾಜಾಳಿಯಲ್ಲೋ ಅನಮೋಡಿನಲ್ಲೋ ಅಬಕಾರಿಯವರು ಹಿಡಿಯುತ್ತಾರೆ. ಸಮ್ಮೇಳನದ ಬ್ಯಾಡ್ಜ್ ತೋರಿಸಿದರೆ ಬಿಡುವುದಿಲ್ಲ.

ಈಗ ಟ್ಯಾಕ್ಸಿ. ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದರದ್ದೇ. ಬೆಂಗಳೂರಲ್ಲಿ ಓಲಾ, ಊಬರ್ ಕರೆದ ಹಾಗೆ ಇಲ್ಲಿ ಕರೆಯಬಹುದು ಅಂದುಕೊಂಡು ಬರುತ್ತಾರೆ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೋವಾ ಮೈಲ್ಸ್ ಅನ್ನುವ ಆ್ಯಪ್ ಇದೆ, 2018ರಿಂದ ಓಡುತ್ತಿದೆ, ಅದನ್ನು ಊರಲ್ಲೇ ಫೋನಿಗೆ ಹಾಕಿಕೊಂಡು ಬನ್ನಿ. ವಿಮಾನ ನಿಲ್ದಾಣದಲ್ಲಿ ಪ್ರೀಪೇಯ್ಡ್ ಕೌಂಟರ್ ಇದೆ, ರೇಟು ಅಲ್ಲೇ ಬರೆದುಕೊಡುತ್ತಾರೆ, ಚೌಕಾಸಿ ಮಾಡುವ ತಲೆನೋವಿಲ್ಲ. ಬೀಚ್ ಊರುಗಳಲ್ಲಿ ಮಾತ್ರ ಸ್ಥಳೀಯ ಟ್ಯಾಕ್ಸಿಯವರಿಗೂ ಆ್ಯಪ್ ಟ್ಯಾಕ್ಸಿಯವರಿಗೂ ಜಗಳ ಇದೆ, ಹೋಟೆಲ್ ಬಾಗಿಲಿಗೆ ಆ್ಯಪ್ ಗಾಡಿ ಬರಲು ಒಪ್ಪದೇ ಇರಬಹುದು. ಸ್ಥಳೀಯ ಚಾಲಕರನ್ನೂ ನಾನು ಬೈಯುವುದಿಲ್ಲ. ಸಾಲ ಮಾಡಿ ಕಾರು ತೆಗೆದುಕೊಂಡವರು, ದುಡಿಮೆ ಇರುವುದು ಸೀಸನ್ನಿನ ಕೆಲವೇ ತಿಂಗಳು, ಬಿಟ್ಟು ಬಂದ ಮೇಲೆ ವಾಪಸ್ ಖಾಲಿ ಬರಬೇಕು. ಆದರೆ ರೇಟು ಜಾಸ್ತಿ ಅನ್ನುವುದೂ ನಿಜ. ಅದಕ್ಕೆ ಹತ್ತುವ ಮುಂಚೆ ರೇಟು ಕೇಳಿ, ಎಸಿ ಸೇರಿದೆಯಾ ಕೇಳಿ, ಕಾಯುವುದಕ್ಕೆ ಎಷ್ಟು ಕೇಳಿ. ಇಳಿದ ಮೇಲೆ ವಾದ ಮಾಡುವುದರಿಂದ ಇಬ್ಬರಿಗೂ ಬೇಜಾರು. ಸಮ್ಮೇಳನಕ್ಕೆ ಬಂದ ನಾಲ್ಕು ಜನ ಸೇರಿ ಇಡೀ ದಿನಕ್ಕೆ ಒಂದು ಗಾಡಿ ಮಾಡಿಕೊಂಡರೆ ಒಬ್ಬೊಬ್ಬರಿಗೆ ಬೀಳುವುದು ಕಡಿಮೆ. ಸಮ್ಮೇಳನದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿದರೆ ಜೊತೆ ಸಿಗುತ್ತದೆ.

ಒಬ್ಬರೇ ಇದ್ದು, ಕೈಯಲ್ಲಿ ಒಂದು ಬ್ಯಾಗ್ ಮಾತ್ರ ಇದ್ದರೆ, ಎರಡು ಮೂರು ಕಿ.ಮೀ. ಹೋಗಬೇಕಿದ್ದರೆ, ಪೈಲಟ್ ಹಿಡಿಯಿರಿ. ಪೈಲಟ್ ಅಂದರೆ ಬೈಕ್ ಟ್ಯಾಕ್ಸಿ, ಇಲ್ಲಿ ಬಹಳ ಹಿಂದಿನಿಂದಲೂ ಕಾನೂನುಬದ್ಧ. ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡ್‌ಗೆ ಹಳದಿ ಬಣ್ಣ ಬಳಿದಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಪಣಜಿ ಬಸ್ ಸ್ಟ್ಯಾಂಡ್, ಮಡಗಾಂವ ನಿಲ್ದಾಣ, ಮಾರುಕಟ್ಟೆ ಹತ್ತಿರ ಸಾಲಾಗಿ ನಿಂತಿರುತ್ತಾರೆ. ಹೆಚ್ಚಿನವರು ವಯಸ್ಸಾದವರು, ಗಲ್ಲಿ ಗಲ್ಲಿಯೂ ಗೊತ್ತಿರುವವರು. ಬೆಳಗಿನ ಟ್ರಾಫಿಕ್‌ನಲ್ಲಿ ಪಣಜಿಯೊಳಗೆ ಇವರಷ್ಟು ಬೇಗ ಬೇರೆ ಯಾರೂ ಮುಟ್ಟಿಸುವುದಿಲ್ಲ.

ಬಸ್ಸನ್ನು ಮರೆಯಬೇಡಿ. ನಮ್ಮ ಕಡೆಯವರು ಗೋವಾಕ್ಕೆ ಬಂದರೆ ಬಸ್ಸೇ ಹತ್ತುವುದಿಲ್ಲ, ಯಾಕೋ ಗೊತ್ತಿಲ್ಲ. ಇಲ್ಲಿಯ ಸರ್ಕಾರಿ ಬಸ್ಸಿಗೆ ಕದಂಬ ಅಂತ ಹೆಸರು, ಬನವಾಸಿ ಕದಂಬರ ಶಾಖೆಯಾಗಿ ಇಲ್ಲಿ ಆಳಿದ ಗೋವಾ ಕದಂಬರ ನೆನಪಿಗೆ ಇಟ್ಟಿರುವುದು. ಪಣಜಿ–ಮಡಗಾಂವ, ಪಣಜಿ–ವಾಸ್ಕೊ ನಡುವೆ ಎಲ್ಲೂ ನಿಲ್ಲದೆ ಹೋಗುವ ಶಟಲ್ ಬಸ್ಸುಗಳಿವೆ. ಬಸ್ ಸ್ಟ್ಯಾಂಡಿನ ಕಿಟಕಿಯಲ್ಲಿ ಟಿಕೆಟ್ ತೆಗೆದುಕೊಂಡು ಕ್ಯೂನಲ್ಲಿ ನಿಂತರೆ ಆಯಿತು. ಟ್ಯಾಕ್ಸಿಗೆ ಸಾವಿರದ ಮೇಲೆ ಕೊಡುವ ದಾರಿಯನ್ನು ಪುಡಿಗಾಸಿನಲ್ಲಿ ಮುಗಿಸಬಹುದು. ಮೋಪಾದಿಂದಲೂ ಪಣಜಿ, ಮಡಗಾಂವ, ಕಲಂಗುಟ್ ಕಡೆಗೆ ಕದಂಬ ಬಸ್ ಇದೆ, ಹೊರಗೆ ಬಂದ ಕೂಡಲೇ ಸಮಯ ವಿಚಾರಿಸಿ. ಒಂದೇ ತೊಂದರೆ ಅಂದರೆ ಕತ್ತಲಾದ ಮೇಲೆ ಬಸ್ ಕಡಿಮೆ. ರಾತ್ರಿ ಎಂಟು ಗಂಟೆ ದಾಟಿದ ಮೇಲೆ ಹಳ್ಳಿಗಳ ಕಡೆಗೆ ಬಸ್ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಸಮ್ಮೇಳನದ ರಾತ್ರಿ ಊಟ ಎಲ್ಲೋ ದೂರದ ಬೀಚಿನಲ್ಲಿ ಇಟ್ಟಿದ್ದರೆ, ವಾಪಸ್ ಕರೆತರುವ ಗಾಡಿ ಇದೆಯಾ ಅಂತ ಹೋಗುವ ಮುಂಚೆಯೇ ಕೇಳಿ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವವರು ನಂಬರ್ ಪ್ಲೇಟ್ ನೋಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಪರವಾನಗಿ ಇರುವ ಗಾಡಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯನ್ನು ಕಡಿಮೆ ದುಡ್ಡಿಗೆ ಕೊಡುತ್ತೇನೆ ಅನ್ನುವವರು ಇರುತ್ತಾರೆ, ತೆಗೆದುಕೊಳ್ಳಬೇಡಿ. ಪೊಲೀಸರು ಹಿಡಿದರೂ ನಷ್ಟ, ಬಿದ್ದು ಪೆಟ್ಟಾದರೆ ವಿಮೆಯ ತಕರಾರು ಬೇರೆ. ಹೆಲ್ಮೆಟ್, ಲೈಸೆನ್ಸ್ ಎರಡೂ ಇರಲಿ. ಹಾಗೆಯೇ ಮಾಂಡವಿ ಮೇಲಿನ ಎತ್ತರದ ಕೇಬಲ್ ಸೇತುವೆ, 2019ರಲ್ಲಿ ತೆರೆದ ಅಟಲ್ ಸೇತು, ಅದರ ಮೇಲೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಫೋನ್ ಮ್ಯಾಪ್ ಕಾರಿನ ದಾರಿ ತೋರಿಸುತ್ತಿದ್ದರೆ ಸ್ಕೂಟರಿನವರು ನೇರ ಅಲ್ಲಿಗೇ ಹೋಗಿ ಸಿಕ್ಕಿಬೀಳುತ್ತಾರೆ. ಮ್ಯಾಪಿನಲ್ಲಿ ಬೈಕಿನ ಚಿತ್ರ ಒತ್ತಿ, ಕೆಳಗಿನ ಹಳೇ ಸೇತುವೆಯಲ್ಲಿ ಹೋಗಿ.

ಬರುವ ಕಾಲದ ಬಗ್ಗೆಯೂ ಹೇಳಬೇಕು. ಸಮ್ಮೇಳನದ ದಿನ ನಾವು ನಿರ್ಧರಿಸುವುದಲ್ಲ, ಆದರೆ ರೂಮು ಯಾವಾಗ ಹಿಡಿಯಬೇಕು ಅನ್ನುವುದು ನಮ್ಮ ಕೈಯಲ್ಲಿದೆ. 2004ರಿಂದ ಸಾಮಾನ್ಯವಾಗಿ ಪ್ರತಿವರ್ಷ ನವೆಂಬರ್ ಕೊನೆಗೆ ಪಣಜಿಯಲ್ಲಿ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತದೆ, ಆಗ ಊರೊಳಗೆ ರೂಮು ಸಿಗುವುದು ಕಷ್ಟ. ಡಿಸೆಂಬರ್ 3ಕ್ಕೆ ಹಳೇ ಗೋವಾದಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಹಬ್ಬ, ಆ ರಸ್ತೆಯಲ್ಲಿ ಜನವೋ ಜನ. ಕ್ರಿಸ್ಮಸ್‌ನಿಂದ ಹೊಸ ವರ್ಷದ ತನಕ ಯಾವ ಹೋಟೆಲಿನ ರೇಟೂ ಕೇಳುವ ಹಾಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ವರ್ಷಕ್ಕೆ ಹೆಚ್ಚು ಕಡಿಮೆ 3,000 ಮಿ.ಮೀ. ಮಳೆ ಬೀಳುವ ನೆಲ ಇದು. ಆಗ ರೂಮು ಅಗ್ಗ, ಹಸಿರು ಕಣ್ತುಂಬ, ಬೀಚಿನ ಶ್ಯಾಕ್ ಅನ್ನುವ ಗುಡಿಸಲು ಹೋಟೆಲುಗಳು ಬಂದ್. ನನ್ನನ್ನು ಕೇಳಿದರೆ ಒಳಗೆ ಕೂತು ಮಾಡುವ ಸಮ್ಮೇಳನಕ್ಕೆ ಆಗಸ್ಟ್ ಒಳ್ಳೆಯ ತಿಂಗಳು. ಸಭಾಂಗಣದ ಒಳಗೆ ಎಸಿ ಚಳಿ, ಹೊರಗೆ ಬೆವರು, ಹಾಗಾಗಿ ಹತ್ತಿ ಬಟ್ಟೆಯ ಜೊತೆ ಒಂದು ಶಾಲು ಇಟ್ಟುಕೊಳ್ಳಿ. ಕೋಟು ಹೊತ್ತು ತರಬೇಡಿ.

ಸಮುದ್ರದ ವಿಷಯಕ್ಕೆ ಬರುತ್ತೇನೆ. ಇದನ್ನು ಮಾತ್ರ ದಯವಿಟ್ಟು ಪೂರ್ತಿ ಓದಿ. ಸಮ್ಮೇಳನಕ್ಕೆ ಬರುವವರು ಸಾಮಾನ್ಯವಾಗಿ ಗುಂಪಾಗಿ ಬರುತ್ತಾರೆ, ಮನೆಯಿಂದ ದೂರ ಬಂದ ಉತ್ಸಾಹ ಇರುತ್ತದೆ, ರಾತ್ರಿ ಊಟದ ಜೊತೆ ಒಂದೆರಡು ಪೆಗ್ ಆಗಿರುತ್ತದೆ, ಆಮೇಲೆ ಯಾರೋ ಒಬ್ಬರು ‘ಬನ್ರೋ ನೀರಿಗೆ ಇಳಿಯೋಣ’ ಅನ್ನುತ್ತಾರೆ. ಇಳಿಯಬೇಡಿ. ಬಳ್ಳಾರಿಯ ಕಾಲುವೆಯಲ್ಲಿ ಈಜಿದವರೂ ತುಂಗಭದ್ರೆಯಲ್ಲಿ ಈಜಿದವರೂ ಸಮುದ್ರದಲ್ಲಿ ಈಜು ಬರುತ್ತದೆ ಅಂತ ತಿಳಿಯಬಾರದು. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಬೇಕಲ್ಲ, ಅದು ಮರಳಿನ ದಿಬ್ಬಗಳ ನಡುವೆ ಒಂದು ಕಿರಿದಾದ ಓಣಿ ಮಾಡಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತದೆ. ಆ ಓಣಿಯ ಮೇಲೆ ಅಲೆ ಒಡೆಯುವುದು ಕಡಿಮೆ, ಅಕ್ಕಪಕ್ಕಕ್ಕಿಂತ ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಅಲೆ ಇಲ್ಲದ ಜಾಗ ಅಂತ ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸೊಂಟದ ಮಟ್ಟ ನೀರಿನಲ್ಲಿ ನಿಂತವರನ್ನೂ ಅದು ಎಳೆದುಕೊಂಡು ಹೋಗುತ್ತದೆ. ಅಂಥಾ ಸೆಳೆತಕ್ಕೆ ಸಿಕ್ಕರೆ ಅದಕ್ಕೆ ಎದುರಾಗಿ ನೇರ ದಡದ ಕಡೆ ಈಜಿ ಸುಸ್ತಾಗಬೇಡಿ. ತೇಲಿಕೊಂಡಿದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಕಡಿಮೆಯಾದ ಮೇಲೆ ದಡದ ಕಡೆ ತಿರುಗಿ, ಕೈ ಎತ್ತಿ ಕೂಗಿ.

2008ರಿಂದ ಗೋವಾದ ಬೀಚುಗಳಲ್ಲಿ ಜೀವರಕ್ಷಕರು ಇದ್ದಾರೆ. ಕೆಂಪು ಹಳದಿ ಬಣ್ಣದ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ನೀರಿಗೆ ಇಳಿಯಬಹುದು. ಬರೀ ಕೆಂಪು ಬಾವುಟ ಇದ್ದರೆ ಇಳಿಯುವ ಹಾಗೇ ಇಲ್ಲ. ಮಳೆಗಾಲದಲ್ಲಂತೂ ಎಲ್ಲ ಕಡೆ ಕೆಂಪೇ. ಸೀಟಿ ಊದಿದರೆ ಅದು ನಿಮಗೇ ಅಂತ ತಿಳಿದು ಹೊರಗೆ ಬನ್ನಿ. ಆ ಹುಡುಗರ ಜೊತೆ ‘ನಾನು ಯಾರು ಗೊತ್ತಾ’ ಅಂತ ವಾದಕ್ಕೆ ನಿಂತ ದೊಡ್ಡ ದೊಡ್ಡ ಅಧಿಕಾರಿಗಳನ್ನು ನೋಡಿದ್ದೇನೆ, ನೋಡಿ ನಾಚಿಕೆಯಾಗಿದೆ. ಪಣಜಿಯ ಮಿರಾಮಾರ್ ಬೀಚು ಮಾಂಡವಿ ನದಿ ಸಮುದ್ರ ಸೇರುವ ಬಾಯಲ್ಲೇ ಇದೆ, ಸಂಜೆ ನಡೆದಾಡಲು ಚೆಂದ, ಈಜುವುದಕ್ಕೆ ಅಲ್ಲ. ಬೀಚಿನ ಮೇಲೆ ಕುಡಿಯುವುದು, ಅಡುಗೆ ಮಾಡುವುದು, ಬಾಟಲಿ ಒಡೆಯುವುದು, ಕಾರು ಓಡಿಸುವುದು ಎಲ್ಲಕ್ಕೂ ದಂಡ, ಕೇಸು ಇದೆ. ತುರ್ತು ಇದ್ದರೆ 112, ಆಂಬುಲೆನ್ಸ್‌ಗೆ 108. ದೊಡ್ಡ ಸರ್ಕಾರಿ ಆಸ್ಪತ್ರೆ ಅಂದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ಪಣಜಿಯಿಂದ ಜುವಾರಿ ಸೇತುವೆ ಕಡೆ ಹೋಗುವ ಹೆದ್ದಾರಿಯ ಮೇಲೇ ಇದೆ.

ಊಟದ ಬಗ್ಗೆ ನಮ್ಮವರಿಗೆ ಇರುವಷ್ಟು ಭಯ ಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಸಿಗುವುದಿಲ್ಲ ಅನ್ನುವುದು ಸುಳ್ಳು. ಪಣಜಿ, ಮಡಗಾಂವ, ವಾಸ್ಕೊ ಮೂರೂ ಕಡೆ ಉಡುಪಿ ಹೋಟೆಲ್ ಇವೆ. ಬೆಳಗ್ಗೆ ಯಾವ ಸಣ್ಣ ಹೋಟೆಲಿಗೆ ಹೋದರೂ ಪಾವ್ ಭಾಜಿ ಸಿಗುತ್ತದೆ, ಇದು ಮುಂಬೈಯ ಪಾವ್ ಭಾಜಿ ಅಲ್ಲ, ಬಟಾಣಿಯದೋ ಆಲೂಗಡ್ಡೆಯದೋ ತೆಳುವಾದ ಪಲ್ಯ, ಜೊತೆಗೆ ಒಲೆಯಿಂದ ಬಂದ ಬಿಸಿ ಪಾವ್. ಬನ್ಸ್, ಮಿರ್ಚಿ ಎಲ್ಲ ನಮ್ಮ ಕಡೆಯವೇ. ಬೆಳಗ್ಗೆ ಆರೂವರೆಗೆಲ್ಲ ಸೈಕಲ್ಲಿನ ಹಾರ್ನ್ ಒತ್ತುತ್ತಾ ಪೊದೇರ್, ಅಂದರೆ ಪಾವ್ ಮಾರುವವ, ಬರುತ್ತಾನೆ, ಹಿಂದಿನ ಬುಟ್ಟಿಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಪಾವ್, ಗೋಧಿ ತೌಡು ಮೆತ್ತಿದ ಪೊಯ್. ರೆಸಾರ್ಟಿನ ಗೇಟಿನಿಂದ ಹೊರಗೆ ಬಂದು ಎರಡು ಪೊಯ್ ತೆಗೆದುಕೊಂಡು ಅಲ್ಲೇ ಮುರಿದು ತಿನ್ನಿ, ಒಳಗಿನ ಬಫೆಯಲ್ಲಿ ಆ ರುಚಿ ಸಿಗುವುದಿಲ್ಲ. ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ ಅನ್ನುವವರು ಒಂದು ಗಮನಿಸಿ. ಸಂಜೆ ಗಾಡಿಗಳಲ್ಲಿ ಸಿಗುವ ರೋಸ್ ಆಮ್ಲೆಟ್ ಮೇಲೆ ಹಾಕುವುದು ಸಾಮಾನ್ಯವಾಗಿ ಕೋಳಿಯ ರಸ. ಬೇಡ ಅಂತ ಮೊದಲೇ ಹೇಳಿ. ಮೀನು ತಿನ್ನುವವರು ಊರೊಳಗಿನ ಸಾದಾ ಹೋಟೆಲಿನಲ್ಲಿ ಮಧ್ಯಾಹ್ನದ ಮೀನಿನ ಥಾಲಿ ತಿನ್ನಿ, ಅನ್ನ, ಹುಮಣ್ ಅನ್ನುವ ಮೀನಿನ ಸಾರು, ಹುರಿದ ಮೀನು, ಕೋಕಂನಿಂದ ಮಾಡಿದ ಸೋಲ್ ಕಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ಮಧ್ಯಾಹ್ನ ಒಂದು ಗಂಟೆಯಿಂದ ಮೂರೂವರೆ ತನಕ ಎಷ್ಟೋ ಅಂಗಡಿಗಳು ಬಾಗಿಲು ಹಾಕುತ್ತವೆ. ಗೋಡಂಬಿ, ಕೋಕಂ ಅಂತ ಕೊಳ್ಳುವುದಿದ್ದರೆ ಪಣಜಿಯ 18 ಜೂನ್ ರಸ್ತೆಗೆ ಸಂಜೆ ಹೋಗಿ.

ಒಂದು ಅರ್ಧ ದಿನ ಬಿಡುವು ಸಿಕ್ಕರೆ ಏನು ನೋಡುವುದು ಅಂತ ಎಲ್ಲರೂ ಕೇಳುತ್ತಾರೆ. ಪಣಜಿಯಲ್ಲಿ ಇದ್ದರೆ ದೂಧ್‌ಸಾಗರಕ್ಕೆ ಓಡಬೇಡಿ, ಅದಕ್ಕೆ ಇಡೀ ದಿನ ಬೇಕು, ಕುಳೆಯಿಂದ ಜೀಪಿನಲ್ಲಿ ಹೋಗಬೇಕು. ಹತ್ತಿರದ ಹಳೇ ಗೋವಾಕ್ಕೆ ಬಸ್ಸಿನಲ್ಲಿ ಹೋಗಿ. ಅಲ್ಲಿಯ ಚರ್ಚುಗಳು 1986ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಬೋಂ ಜೇಸುಸ್ ಬೆಸಿಲಿಕಾ 1605ರಲ್ಲಿ ಮುಗಿದದ್ದು, ಇಂದಿಗೂ ಪೂಜೆ ನಡೆಯುವ ಜಾಗ, ಚಡ್ಡಿ ಬನಿಯನ್ನಿನಲ್ಲಿ ಹೋಗಬೇಡಿ, ಭಾನುವಾರ ಬೆಳಗ್ಗೆ ಬಿಟ್ಟು ಹೋಗಿ. ಅಷ್ಟೂ ಸಮಯ ಇಲ್ಲದಿದ್ದರೆ ಪಣಜಿಯ ದಡದಿಂದ ಬೆತಿಂಗೆ ಹೋಗುವ ಫೆರಿ ಹತ್ತಿ. ನಡೆದು ಹತ್ತುವವರಿಗೆ ಟಿಕೆಟ್ಟೇ ಇಲ್ಲ. ಸ್ಕೂಟರುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಮೀನಿನ ಬುಟ್ಟಿ ಹಿಡಿದ ಹೆಂಗಸರು, ಆಫೀಸಿನವರು, ಶಾಲೆ ಮಕ್ಕಳು ಬದಿಗೆ ನಿಲ್ಲುತ್ತಾರೆ, ಕಬ್ಬಿಣದ ಹಲಗೆ ಮೇಲೆದ್ದು ಎಂಜಿನ್ ಗುಡುಗಿ ಹೊರಟರೆ ಕೆಲವೇ ನಿಮಿಷದಲ್ಲಿ ಆಚೆ ದಡ. ದುಡ್ಡು ಕೊಟ್ಟು ಹೋಗುವ ಕ್ರೂಸ್‌ಗಿಂತ ನನಗೆ ಇದೇ ಇಷ್ಟ. ಇಡೀ ದಿನ ಇದ್ದು ಕಾರೂ ಇದ್ದರೆ ತಾಂಬ್ಡಿ ಸುರ್ಲಾಕ್ಕೆ ಹೋಗಿ. ಗೋವಾ ಕದಂಬರ ಕಾಲದ ಮಹಾದೇವ ದೇವಸ್ಥಾನ, ಕಪ್ಪು ಕಲ್ಲಿನದು, ಸುತ್ತ ಕಾಡು. ಹಲಸಿ, ಬನವಾಸಿ ನೋಡಿದ ಕಣ್ಣಿಗೆ ಅದು ಕೂಡಲೇ ಗುರುತು ಸಿಗುತ್ತದೆ. ಕರ್ನಾಟಕದಿಂದ ಬಂದ ಎಷ್ಟೋ ಜನ ಕಸಿನೊ ನೋಡಿ ಹೋಗುತ್ತಾರೆ, ಇದರ ಹೆಸರೂ ಕೇಳಿರುವುದಿಲ್ಲ.

ಇನ್ನೊಂದು ಮಾತು ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ನೀವು ಇಳಿಯುವ ಹೋಟೆಲಿನಲ್ಲಿ ಚಾದರ ಬದಲಿಸುವವರು, ಸಭಾಂಗಣದ ಪೆಂಡಾಲ್ ಕಟ್ಟಿದವರು, ರಸ್ತೆ ಬದಿ ಎಳನೀರು, ತರಕಾರಿ ಮಾರುವವರು, ಬೀಚಿನಲ್ಲಿ ಮಣಿಸರ ಹಿಡಿದು ಬರುವ ಲಂಬಾಣಿ ಹೆಣ್ಣುಮಕ್ಕಳು, ಇವರಲ್ಲಿ ಎಷ್ಟೋ ಜನ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯವರು. ವಾಸ್ಕೊದ ಬೈನಾದಲ್ಲಿ, ಜುವಾರಿನಗರದಲ್ಲಿ ಮನೆ ಮಾಡಿಕೊಂಡು, ಮಕ್ಕಳನ್ನು ಓದಿಸಿಕೊಂಡು ಇದ್ದಾರೆ. ನೀವು ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿದ್ದರೆ ತಾವಾಗಿಯೇ ‘ಯಾವೂರ್ರೀ ಸರ?’ ಅಂತ ಕೇಳುತ್ತಾರೆ. ಬಸ್ ಎಲ್ಲಿ ಸಿಗುತ್ತದೆ, ಊಟ ಎಲ್ಲಿ ಚೆನ್ನಾಗಿದೆ, ಯಾವ ಟ್ಯಾಕ್ಸಿಯವ ಸರಿಯಾದ ರೇಟು ಹೇಳುತ್ತಾನೆ, ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಆದರೆ ಬ್ಯಾಡ್ಜ್ ಹಾಕಿಕೊಂಡ ನಮ್ಮವರು ಅವರನ್ನು ‘ಏ, ಬಾರೇ ಇಲ್ಲಿ’ ಅಂತ ಏಕವಚನದಲ್ಲಿ ಕರೆಯುವುದನ್ನು ಕೇಳಿದ್ದೇನೆ. ಅಕ್ಕಾ ಅನ್ನಿ, ಅಣ್ಣಾ ಅನ್ನಿ. ಪರ ಊರಿನಲ್ಲಿ ದುಡಿಯುತ್ತಿರುವವರು ಅವರು.

ಕೊನೆಗೆ ಸಮ್ಮೇಳನ ನಡೆಸುವ ಕರ್ನಾಟಕದ ಸಂಘ, ಕಾಲೇಜು, ಬ್ಯಾಂಕು, ವೈದ್ಯರ ಸಂಘಟನೆಗಳಲ್ಲಿ ನನ್ನ ಬೇಡಿಕೆ. 1983ರಲ್ಲಿ ಕಾಮನ್‌ವೆಲ್ತ್ ದೇಶಗಳ ನಾಯಕರು ಅಗ್ವಾದ ಕೋಟೆಯ ಕಡೆಗೆ ಬಂದಾಗಿನಿಂದ, 2016ರಲ್ಲಿ ಬೆಣೌಲಿಯಲ್ಲಿ ಬ್ರಿಕ್ಸ್ ದೇಶಗಳ ಶೃಂಗಸಭೆ ನಡೆದದ್ದೂ ಸೇರಿ, ಗೋವಾಕ್ಕೆ ಸಮ್ಮೇಳನ ಹೊಸದಲ್ಲ. ದೇಶದ ನಾಯಕರಿಗೆ ಎಲ್ಲ ವ್ಯವಸ್ಥೆ ಮಾಡುವವರು ಇರುತ್ತಾರೆ. ಸಾಲ ಮಾಡಿ ನೋಂದಣಿ ಶುಲ್ಕ ಕಟ್ಟಿ ಬರುವ ಸಂಶೋಧನಾ ವಿದ್ಯಾರ್ಥಿಗೆ ಯಾರೂ ಇರುವುದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಸಭಾಂಗಣದ ಊರು, ತಾಲೂಕು ಬರೆಯಿರಿ. ಎರಡರಲ್ಲಿ ಯಾವ ವಿಮಾನ ನಿಲ್ದಾಣ ಹತ್ತಿರ, ಯಾವ ರೈಲು ನಿಲ್ದಾಣದಲ್ಲಿ ಇಳಿಯಬೇಕು ಬರೆಯಿರಿ. ರೆಸಾರ್ಟಿನ ರೂಮಿನ ರೇಟಿನ ಪಕ್ಕದಲ್ಲೇ, ಎರಡು ಮೂರು ಕಿ.ಮೀ. ದೂರದಲ್ಲಿ ಕಡಿಮೆ ದುಡ್ಡಿನ ಒಂದೆರಡು ವಸತಿಯನ್ನೂ ಸೂಚಿಸಿ. ಬೆಳಗ್ಗೆ ಒಂದು, ರಾತ್ರಿ ಊಟದ ನಂತರ ಒಂದು ಬಸ್ ಬಿಡಿ. ಅಷ್ಟು ದೊಡ್ಡ ಬ್ಯಾನರ್, ಅಷ್ಟು ದಪ್ಪದ ಫೈಲು, ಹಾರ ತುರಾಯಿಗೆ ಖರ್ಚು ಮಾಡುವವರಿಗೆ ಒಂದು ಮಿನಿ ಬಸ್ಸಿನ ಬಾಡಿಗೆ ಹೆಚ್ಚಲ್ಲ ಅಲ್ವಾ? ಗೊತ್ತಾಗದಿದ್ದರೆ ಪಣಜಿ, ವಾಸ್ಕೊ, ಮಡಗಾಂವಗಳಲ್ಲಿ ಇರುವ ಕನ್ನಡದವರನ್ನು ಕೇಳಿ, ನಾವು ಬಂದು ಜಾಗ ನೋಡಿ ಹೇಳುತ್ತೇವೆ. ಈ ಸೀಸನ್ನಿನ ಆಹ್ವಾನ ಪತ್ರಿಕೆಗಳು ಅಚ್ಚಿಗೆ ಹೋಗುವ ಮುಂಚೆ ಈ ಪತ್ರ ಅವರ ಕಣ್ಣಿಗೆ ಬೀಳಲಿ ಅಂತ ನಿಮಗೆ ಬರೆದಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ
ತಾಳಿಗಾಂವ್, ಪಣಜಿ, ಗೋವಾ